ಬಾಗಿಲ ಚೌಕಟ್ಟು ನಡುಗಿರಲಿಲ್ಲ

ಮಕ್ಕಳೇ, ಹೋದ ಭಾನುವಾರ ಊಟಕ್ಕೆ ಕೂತಾಗ ನಿಮ್ಮಲ್ಲಿ ಒಬ್ಬಳು ಒಳ್ಳೆಯ ಕ್ಯಾಮೆರಾ ಬೇಕು ಎಂದಳು. ಅವಳ ಅಪ್ಪ ತಟ್ಟೆಯಿಂದ ತಲೆ ಎತ್ತದೆ, "ಕ್ಯಾಮೆರಾದಲ್ಲಿ ಏನಿದೆ ಪುಟ್ಟಿ? ನಿಮ್ಮಜ್ಜಿನ ನೋಡು. ಹಳೇ ಡಬ್ಬಾ ಹಿಡ್ಕೊಂಡು ಇಡೀ ಪೇಟೆಯೋರ ಫೋಟೋ ತೆಗೆದಿಲ್ವಾ? ಎಲ್ಲಾ ಕಣ್ಣಲ್ಲಿರೋದು" ಎಂದ. ನೀವೆಲ್ಲ ನನ್ನ ಕಡೆ ತಿರುಗಿ ನಕ್ಕಿರಿ. ನಾನು ಸಾರಿನ ಪಾತ್ರೆ ತರುವ ನೆಪ ಮಾಡಿ ಎದ್ದು ಒಳಗೆ ಹೋದೆ. ನಾಲ್ಕು ಜನರ ಮುಂದೆ ಬಾಯಿ ಬಿಡುವುದು ನನಗೆ ಯಾವತ್ತೂ ಕಷ್ಟ. ಆದರೆ ಅಡುಗೆಮನೆಯಲ್ಲಿ ನಿಂತು ನನ್ನ ಮೈ ಉರಿಯುತ್ತಿತ್ತು. ಆ ಮಾತನ್ನು ಅವನು ಕಲಿತದ್ದು ನಿಮ್ಮ ಚಿಕ್ಕತಾತನಿಂದ, ಅಂದರೆ ನನ್ನ ಮೈದುನನಿಂದ. ಆ ಮಾತು ಒಂದು ಮನೆಗೆ ಏನು ಮಾಡಿತು, ನನಗೆ ಏನು ಮಾಡಿತು ಎಂಬುದು ಅವನಿಗೆ ಗೊತ್ತಿಲ್ಲ. ಹೇಳಲು ಬಾರದವಳು ಬರೆಯುತ್ತಿದ್ದೇನೆ. ನಾನು ಓದಿದ್ದು ಹಳ್ಳಿಯ ಶಾಲೆಯಲ್ಲಿ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಚಾಮರಾಜಪೇಟೆಯ ನಮ್ಮ ಸ್ಟುಡಿಯೋವನ್ನು ನಿಮ್ಮ ತಾತ ಹೋದ ಮೇಲೆ ನಾನೂ ಮೈದುನನೂ ನಡೆಸುತ್ತಿದ್ದೆವು. ಕೆಲಸ ತಾನಾಗಿಯೇ ಹಂಚಿಹೋಗಿತ್ತು. ಮದುವೆ, ನಿಶ್ಚಿತಾರ್ಥ, ನಾಮಕರಣ ಅವನದು. ಅಂಥ ಕಡೆ ಗಂಡ ಸತ್ತವಳು ಕ್ಯಾಮೆರಾ ಹಿಡಿದು ಎದುರಿಗೆ ನಿಂತರೆ ಜನ ಏನಂದಾರು ಎಂದು ಅವನು ಬಾಯಿಬಿಟ್ಟು ಹೇಳಲಿಲ್ಲ, ನಾನೂ ಕೇಳಲಿಲ್ಲ. ನನ್ನ ಪಾಲಿಗೆ ಬಂದದ್ದು ಪಾಸ್‌ಪೋರ್ಟ್ ಫೋಟೋ ಮತ್ತು ನಮ್ಮ ಅಂಗಡಿಯಲ್ಲಿ 'ಕೂರಿಸಿದ ಫೋಟೋ' ಎಂದು ಕರೆಯುವ ಕೆಲಸ.

ನೀವು ಈ ಕಾಲದವರು, ಅದೇನೆಂದು ಬಿಡಿಸಿ ಹೇಳುತ್ತೇನೆ. ನಮ್ಮವರಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಧರಿಸಿ, ಬೆನ್ನಿಗೆ ಹಲಗೆ ಕೊಟ್ಟು, ಚಕ್ಕಳಮಕ್ಕಳ ಹಾಕಿಸಿ ಕೂರಿಸುತ್ತಾರೆ. ಎಡ ಅಂಗೈ ಮೇಲೆ ಅವರ ಇಷ್ಟಲಿಂಗ ಇಡುತ್ತಾರೆ. ಕೈ ತಾನಾಗಿ ನಿಲ್ಲುವುದಿಲ್ಲವಲ್ಲ, ಅದಕ್ಕೆ ಕೆಲವು ಮನೆಗಳಲ್ಲಿ ಸ್ವಾಮಿಗಳ ಪೂಜೆ ಮುಗಿಯುವವರೆಗೆ ಹತ್ತಿರದವರೊಬ್ಬರು ಪಕ್ಕದಲ್ಲಿ ಕೂತು ಆ ಕೈಯನ್ನು ಕೆಳಗಿನಿಂದ ಹಿಡಿದುಕೊಂಡಿರುತ್ತಾರೆ. ಪೇಟೆಯ ಹಳೆಯ ಮನೆಗಳವರು ಆ ಹೊತ್ತಿನ ಫೋಟೋ ಒಂದನ್ನು ಕೇಳುತ್ತಾರೆ. ಆಮೇಲೆ ಹೊರಗೆ ಮೆರವಣಿಗೆಗೆಂದು ಹೂವಿನ ವಿಮಾನದಲ್ಲಿ ಕೂರಿಸಿದರೆ ಹಾರಗಳಲ್ಲಿ ಕೈ ಮುಚ್ಚಿಹೋಗುತ್ತದೆ. ಪಕ್ಕದಲ್ಲಿ ಕೂರುವುದಕ್ಕೂ ಯಾರಿಗೂ ಆಗುವುದಿಲ್ಲ.

ಈ ಕೆಲಸದಲ್ಲಿ ಒಂದು ವಿಚಿತ್ರ ತೊಂದರೆ ಇದೆ. ತೀರಿಕೊಂಡವರು ಅಲುಗಾಡುವುದಿಲ್ಲ, ಅಳುವವರು ಅಲುಗಾಡುತ್ತಾರೆ. ಒಂದೇ ಫೋಟೋದಲ್ಲಿ ಇಬ್ಬರೂ ಬರಬೇಕು. ಪೂಜೆಯ ಹೊತ್ತಿನಲ್ಲಿ ಫ್ಲ್ಯಾಶ್ ಹೊಡೆಯಲು ಸ್ವಾಮಿಗಳು ಬಿಡುವುದಿಲ್ಲ. ಬಿಟ್ಟರೂ ನಾನು ಹೊಡೆಯುವುದಿಲ್ಲ, ವಿಭೂತಿ ಮೇಲೆ ಫ್ಲ್ಯಾಶ್ ಬಿದ್ದರೆ ಮುಖ ಸುಣ್ಣದ ಗೋಡೆಯಾಗುತ್ತದೆ.

ಅಂಗಡಿಯಲ್ಲಿ ಎರಡು ಕ್ಯಾಮೆರಾ ಇದ್ದವು. ಹಳೆಯದು, ಅದರ ಜೊತೆಗೇ ಬಂದ ಸಣ್ಣ ಬಾಯಿಯ ಲೆನ್ಸಿನದು, ನನ್ನದು. ಹೊಸದು, ಕತ್ತಲಲ್ಲೂ ಬೆಳಕು ಹೀರುವ ದಪ್ಪ ಲೆನ್ಸಿನದು, ಮೈದುನನದು. ಅಂಗಡಿಯ ದುಡ್ಡಲ್ಲೇ ಕೊಂಡದ್ದಾದರೂ ಅದಕ್ಕೆ ಅವನಿಟ್ಟ ಹೆಸರು 'ಮದುವೆ ಕ್ಯಾಮೆರಾ'.

ಸುಲ್ತಾನ್‌ಪೇಟೆಯಿಂದ ಕರೆ ಬಂದದ್ದು ಒಂದು ಬೆಳಿಗ್ಗೆ. ಕೆಳಗೆ ಲಗ್ನಪತ್ರಿಕೆ ಅಂಗಡಿ, ಮೇಲೆ ಮನೆ. ಆ ಮನೆಯ ಹಿರಿಯಮ್ಮ ಲಿಂಗೈಕ್ಯರಾಗಿದ್ದರು. ಆ ಮನೆಗೆ ಹಿಂದೊಮ್ಮೆ ನಾನು ಹೋಗಿದ್ದೆ. ಕಪ್ಪು ತೊಲೆಗಳ ಮಾಳಿಗೆ, ನಡುಮನೆಯ ಒಂದೇ ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ. ಮೈದುನ ಆಗ ಬ್ಯಾಗ್ ತುಂಬುತ್ತಿದ್ದ. ಯಾವುದೋ ಜೋಡಿಯ ಮದುವೆಗೆ ಮುಂಚಿನ ಫೋಟೋ ಶೂಟಿಂಗು, ಊರಾಚೆಯ ಬಯಲಲ್ಲಿ.

"ಇವತ್ತು ಆ ಹೊಸದನ್ನ ನಂಗೆ ಕೊಡಪ್ಪ" ಎಂದೆ. "ಆ ಮನೆ ತುಂಬಾ ಕತ್ತಲೆ."

"ಅಯ್ಯೋ ಅತ್ತಿಗೆ, ನಿಮಗ್ಯಾಕೆ ಅದು? ನೀವು ಮುಟ್ಟಿದ್ರೆ ಆ ಡಬ್ಬಾನೂ ಹಾಡುತ್ತೆ."

"ಹಾಡೋದು ಬೇಡ, ಬೆಳಕು ಸಾಲಲ್ಲ. ನೀನು ಹೋಗ್ತಿರೋದು ಬಿಸಿಲಿಗೆ. ಅಲ್ಲಿ ಹಳೇದೇ ಸಾಕಾಗುತ್ತೆ."

ಅವನು ನಕ್ಕ. "ಹಳೇದು ಹಿಡ್ಕೊಂಡು ಹೋದ್ರೆ ಆ ಮದುವೆ ಹುಡುಗ ನನ್ನನ್ನ ವಾಪಸ್ ಕಳಿಸ್ತಾನೆ. ಅವನ ಕೊರಳಲ್ಲೇ ನಮ್ಮದಕ್ಕಿಂತ ಒಳ್ಳೇದು ನೇತಾಡ್ತಿರುತ್ತೆ. ಲೆನ್ಸ್ ದಪ್ಪ ಇದ್ರೇನೇ ಗಿರಾಕಿ ಮರ್ಯಾದೆ ಕೊಡೋದು ಅತ್ತಿಗೆ. ನಿಮ್ಮ ಗಿರಾಕಿ ಏನು ನೋಡ್ತಾರಾ ಯಾವ ಕ್ಯಾಮೆರಾ ಅಂತ?"

ಈ ಮಾತಿಗೆ ತಾನೇ ಮತ್ತೆ ನಕ್ಕ. ಬಾಗಿಲು ದಾಟುವಾಗ ತಿರುಗಿ, "ಕ್ಯಾಮೆರಾದಲ್ಲಿ ಏನಿದೆ, ಎಲ್ಲಾ ಕಣ್ಣಲ್ಲಿದೆ" ಎಂದು ಹೊಗಳಿಯೇ ಹೋದ. ಹೊಗಳುವವನಿಗೆ ಎದುರು ಮಾತಾಡುವುದು ಹೇಗೆ? ಬೈದಿದ್ದರೆ ಬೈಯಬಹುದಿತ್ತು.

ಸುಲ್ತಾನ್‌ಪೇಟೆಯ ಮನೆಯಲ್ಲಿ ಹಿರಿಯ ಮಗ ಮೆಟ್ಟಿಲ ಬಳಿಯೇ ನಿಂತಿದ್ದರು. "ಯಾರೂ ಮೊಬೈಲ್ ಎತ್ತಬಾರದು. ಫೋಟೋದವರು ಬಂದಿದಾರೆ, ಅವರು ತೆಗೀತಾರೆ" ಎಂದು ಎಲ್ಲರಿಗೂ ಹೇಳಿದರು. ನಾನು ಒಳಗೆ ಹೋಗಿ ಗೋಡೆ ಪಕ್ಕ ಜಾಗ ಹುಡುಕುತ್ತಿದ್ದಾಗ ಮಗಳು ಬಂದು ನನ್ನ ಮುಂಗೈ ಹಿಡಿದಳು. ನಲವತ್ತು ದಾಟಿದ ಹೆಣ್ಣುಮಗಳು. ಅಮ್ಮನನ್ನು ನೋಡಿಕೊಳ್ಳುತ್ತಾ ಅದೇ ಮನೆಯಲ್ಲಿ ಉಳಿದವಳು.

"ಅಮ್ಮಾ, ನಾನು ನಮ್ಮಮ್ಮನ ಕೈ ಹಿಡ್ಕೊಂಡು ಕೂತ್ಕೋತೀನಿ. ನಾವಿಬ್ರೂ ಬರೋ ಹಾಗೆ ಒಂದು ತೆಗೀರಿ" ಎಂದಳು. "ಈ ಮನೇಲಿ ಯಾವಾಗ ಫೋಟೋ ತೆಗೆದ್ರೂ ನಾನು ಒಳಗೆ ಕಾಫಿ ಮಾಡ್ತಿರ್ತಿದ್ದೆ. ನಾನೂ ಅವಳೂ ಇರೋದು ಒಂದೂ ಇಲ್ಲ."

"ತೆಗೀತೀನಿ ಕಣಮ್ಮ" ಎಂದೆ.

ಕಿಟಕಿ ತೆಗೆಸಿದೆ. ಅದರಿಂದ ಬಂದದ್ದು ಬೂದು ಬಣ್ಣ, ಬೆಳಕಲ್ಲ. ಯಾರೋ ಒಂದು ಎಮರ್ಜೆನ್ಸಿ ಲೈಟ್ ತಂದು ಕೆಳಗಿಟ್ಟರು. ಹಿರಿಯಮ್ಮನ ಮುಖದ ಮೇಲೆ ಮೂಗಿನ ನೆರಳು ಹಣೆಯವರೆಗೆ ಏರಿ ಭಯವಾಗುವಂತಾಯಿತು, ಆ ಲೈಟನ್ನು ತೆಗೆಸಿದೆ. ಉಳಿದದ್ದು ಮೂಲೆಯ ಒಂದು ಹಳದಿ ಬಲ್ಬು, ಎರಡು ದೀಪ. ನಾನು ಎದುರು ಬಾಗಿಲಿಗೆ ಬೆನ್ನು ಕೊಟ್ಟು ಕೂತೆ. ನಿಮ್ಮ ತಾತ ಕಲಿಸಿದ ಹಾಗೆ ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಉಸಿರನ್ನು ಅರ್ಧ ಬಿಟ್ಟು ಹಿಡಿದೆ. ಲೆನ್ಸಿನ ಬಾಯಿ ಎಷ್ಟು ತೆರೆಯುತ್ತದೋ ಅಷ್ಟೂ ತೆರೆದಿತ್ತು. ಐಎಸ್ಒ, ಅಂದರೆ ಕ್ಯಾಮೆರಾ ಬೆಳಕು ಹಿಡಿಯುವ ಶಕ್ತಿ, ಏರಿಸಿದೆ. ಆ ಕ್ಯಾಮೆರಾದಲ್ಲಿ ಇನ್ನೂ ಏರಿಸಿದರೆ ಫೋಟೋ ತುಂಬ ರವೆ ಚೆಲ್ಲಿದಂತೆ ಚುಕ್ಕೆ ಬೀಳುತ್ತದೆ, ವಿಭೂತಿ ಯಾವುದು ಚುಕ್ಕೆ ಯಾವುದು ತಿಳಿಯುವುದಿಲ್ಲ. ಕೊನೆಗೆ ಶಟರ್ ಸೆಕೆಂಡಿನ ಎಂಟನೇ ಒಂದು ಭಾಗಕ್ಕೆ ಇಳಿಯಿತು. ಶಟರ್ ಎಂದರೆ ಬಾಗಿಲು. ಅದು ತೆರೆದಿರುವಷ್ಟು ಹೊತ್ತು ಎದುರಿನವರು ಅಲುಗಾಡಿದರೆ ಆ ಅಲುಗಾಟವೂ ಒಳಗೆ ಬಂದುಬಿಡುತ್ತದೆ. ಎಂಟನೇ ಒಂದು ಸೆಕೆಂಡ್ ನಾನು ಕಲ್ಲಿನ ಹಾಗೆ ಕೂರಬಲ್ಲೆ. ಅಮ್ಮನ ಅಂಗೈಯನ್ನು ತನ್ನ ಅಂಗೈಯಲ್ಲಿ ಇಟ್ಟುಕೊಂಡ ಮಗಳು ಹೇಗೆ ಕೂರುತ್ತಾಳೆ?

ಸ್ವಾಮಿಗಳು ಮಂತ್ರ ಹೇಳುತ್ತಿದ್ದಷ್ಟು ಹೊತ್ತೂ ತೆಗೆದೆ. ಅವಳು ಉಸಿರು ಎಳೆದು ನಿಲ್ಲಿಸುವ ಗಳಿಗೆಗೆ ಕಾದು ಒತ್ತಿದೆ. ಆದರೆ ಬಿಕ್ಕುವವರ ಉಸಿರಿಗೆ ಲೆಕ್ಕ ಇರುವುದಿಲ್ಲ. ಪೂಜೆ ಮುಗಿಯಿತು, ನಾಲ್ಕು ಜನ ಬಂದು ಅಮ್ಮನನ್ನು ಎತ್ತಿದರು. ಆಮೇಲೆ ಮಾಡುವುದಕ್ಕೆ ಏನೂ ಉಳಿದಿರಲಿಲ್ಲ. ಮದುವೆಯಲ್ಲಿ ತಾಳಿ ಕಟ್ಟಿದ್ದು ಸರಿಯಾಗಿ ಬರದಿದ್ದರೆ ಗಂಡುಹೆಣ್ಣನ್ನು ಮತ್ತೆ ನಿಲ್ಲಿಸಿ ಕೈ ಎತ್ತಿಸುತ್ತಾರೆ. ನನ್ನ ಕೆಲಸದಲ್ಲಿ ಹಾಗೆ ಆಗುವುದಿಲ್ಲ.

ಸ್ಟುಡಿಯೋಗೆ ಬಂದು ಕಂಪ್ಯೂಟರಿನಲ್ಲಿ ತೆರೆದು ನೋಡಿದೆ. ಪ್ರತಿಯೊಂದರಲ್ಲೂ ಹಿರಿಯಮ್ಮ ಸ್ಪಷ್ಟವಾಗಿದ್ದರು. ಪಕ್ಕದಲ್ಲಿ ಮಗಳು ಇರಬೇಕಾದ ಜಾಗದಲ್ಲಿ ಒರೆಸಿದ ಹಾಗೆ ಒಂದು ಮಸುಕು.

ಎರಡು ದಿನ ಬಿಟ್ಟು ಅಣ್ಣ ತಂಗಿ ಇಬ್ಬರೂ ಬಂದರು. ಅವಳು ಸ್ಕ್ರೀನಿನ ಹತ್ತಿರ ಮುಖ ತಂದು ನೋಡಿದಳು. ಒಂದಾದ ಮೇಲೆ ಒಂದು, ಕೊನೆಯವರೆಗೂ ನೋಡಿದಳು.

"ಇದರಲ್ಲೂ ನಾನಿಲ್ಲ" ಎಂದಳು.

ಅಣ್ಣನಿಗೆ ಸಿಟ್ಟು ಬಂತು. "ಏನ್ರೀ ಇದು? ನಿಮ್ಮನ್ನ ನಂಬಿ ಮನೇಲಿ ಒಬ್ಬರಿಗೂ ಮೊಬೈಲ್ ಮುಟ್ಟೋಕೆ ಬಿಡಲಿಲ್ಲ ನಾನು!"

ನಾನು ಬಾಯಿ ತೆರೆಯುವುದರೊಳಗೆ ಮೈದುನ ಕೌಂಟರಿನ ಆಚೆಯಿಂದ ಬಂದು ಅವರ ಭುಜದ ಮೇಲೆ ಕೈಯಿಟ್ಟ.

"ಕ್ಷಮಿಸಬೇಕು ಅಣ್ಣ. ಅತ್ತಿಗೆಗೂ ವಯಸ್ಸಾಯ್ತು. ಈಚೆಗೆ ಕೈ ಸ್ವಲ್ಪ ನಡುಗುತ್ತೆ. ನಾನೇ ಬರಬೇಕಿತ್ತು, ನಂದೇ ತಪ್ಪು."

ನೋಡಿ, ಎಷ್ಟು ನಯವಾಗಿ ಹೇಳಿದ. ತಪ್ಪು ತನ್ನದೆಂದು ಒಪ್ಪಿಕೊಂಡ ಹಾಗೂ ಆಯಿತು, ನನ್ನ ತಲೆಗೆ ಕಟ್ಟಿದ ಹಾಗೂ ಆಯಿತು. ಆ ಹೆಣ್ಣುಮಗಳು ನನ್ನ ಕೈಗಳನ್ನೇ ನೋಡಿದಳು. ನಾನು ಸೆರಗಿನೊಳಗೆ ಮುಚ್ಚಿಕೊಂಡೆ. ಯಾಕೆ ಮುಚ್ಚಿಕೊಂಡೆ ಎಂದು ಇವತ್ತಿಗೂ ನನ್ನ ಮೇಲೆ ನನಗೇ ಕೋಪ ಬರುತ್ತದೆ.

ಅವರು ಹೋದ ಮೇಲೆ ಮೈದುನ, "ಇನ್ಮೇಲೆ ಓಡಾಟ ಬೇಡ ಅತ್ತಿಗೆ. ನೀವು ಪಾಸ್‌ಪೋರ್ಟ್ ನೋಡ್ಕೊಳ್ಳಿ ಸಾಕು. ಕೂರಿಸಿದ ಫೋಟೋಗೆ ಬೇರೆ ಯಾರನ್ನಾದ್ರೂ ಗೊತ್ತು ಮಾಡ್ತೀನಿ" ಎಂದ.

ಅದು ಅಂಗಡಿಯೊಳಗೇ ಉಳಿಯಲಿಲ್ಲ. ವಿಮಾನಕ್ಕೆ ಹೂವು ಕಟ್ಟುವವರೇ ನನಗೆ ಯಾವಾಗಲೂ ಕರೆ ಮಾಡಿ ಮನೆ ತಿಳಿಸುತ್ತಿದ್ದದ್ದು. ಅವರು ಒಂದು ದಿನ ಅಂಗಡಿ ಮುಂದೆ ನಿಂತು ಮುಜುಗರಪಟ್ಟುಕೊಂಡು ಹೇಳಿದರು: "ಅಮ್ಮಾ, ತಪ್ಪು ತಿಳ್ಕೋಬೇಡಿ. ಸುಲ್ತಾನ್‌ಪೇಟೆಯೋರು ಎಲ್ಲ ಕಡೆ ಹೇಳ್ತಾವ್ರೆ. ಆ ಅಮ್ಮನ ಕೈ ನಡುಗುತ್ತೆ, ಕರೀಬೇಡಿ ಅಂತ. ನಾನೇನು ಮಾಡ್ಲಿ ಹೇಳಿ?"

ಆ ಕೆಲಸ ನನಗೆ ಏನಾಗಿತ್ತೆಂದು ನಿಮಗೆ ಹೇಗೆ ಹೇಳಲಿ? ಜನರ ಮುಂದೆ ನಿಲ್ಲಲಾರದ ನಾನು ಆ ಮನೆಗಳಲ್ಲಿ ಮಾತ್ರ ಧೈರ್ಯವಾಗಿ ನಡೆದು ಹೋಗುತ್ತಿದ್ದೆ. ಅಲ್ಲಿ ಯಾರೂ ನನ್ನನ್ನು ನೋಡುತ್ತಿರಲಿಲ್ಲ, ನಾನು ಎಲ್ಲರನ್ನೂ ನೋಡುತ್ತಿದ್ದೆ. ಅದನ್ನೂ ಕಿತ್ತುಕೊಂಡು ನನ್ನನ್ನು ನೀಲಿ ಪರದೆಯ ಮುಂದೆ ಕೂರಿಸಿ, "ಗದ್ದ ಮೇಲೆ, ಸ್ವಲ್ಪ ಎಡಕ್ಕೆ" ಎನ್ನಲು ಬಿಟ್ಟರು.

ಒಂದು ಮಧ್ಯಾಹ್ನ ಅಂಗಡಿ ಖಾಲಿ ಇದ್ದಾಗ ಆ ಫೋಟೋಗಳನ್ನು ಮತ್ತೆ ತೆರೆದೆ. ನಿಜವಾಗಿಯೂ ನನ್ನ ಕೈ ನಡುಗಿತೇ ಎಂಬ ಅನುಮಾನ ನನ್ನ ತಲೆಯನ್ನೂ ಹೊಕ್ಕಿತ್ತು. ಹತ್ತು ಜನ ಹೇಳಿದರೆ ನಮ್ಮ ಕೈ ನಮಗೇ ಬೇರೆಯವರದ್ದಾಗಿ ಕಾಣುತ್ತದೆ. ದೊಡ್ಡದು ಮಾಡಿ ನೋಡಿದೆ. ಹಿರಿಯಮ್ಮನ ಹಣೆಯ ವಿಭೂತಿಯ ಮೂರು ಗೆರೆ ಕತ್ತರಿಸಿಟ್ಟ ಹಾಗಿದ್ದವು. ಅವರ ಹಿಂದಿನ ಬಾಗಿಲ ಚೌಕಟ್ಟಿನಲ್ಲಿ ಕೆತ್ತಿದ ಹೂಬಳ್ಳಿಯ ಎಲೆ ಎಲೆಯೂ ಕಾಣುತ್ತಿತ್ತು. ಮಸುಕಾದದ್ದು ಆ ಮಗಳು ಒಬ್ಬಳೇ.

ಕೈ ನಡುಗಿದ್ದರೆ ಬಾಗಿಲ ಚೌಕಟ್ಟೂ ನಡುಗಬೇಕಿತ್ತು. ಕ್ಯಾಮೆರಾ ಅಲುಗಿದರೆ ಅದರೊಳಗಿನ ಪ್ರಪಂಚವೆಲ್ಲ ಅಲುಗುತ್ತದೆ, ಒಬ್ಬಳನ್ನು ಮಾತ್ರ ಆರಿಸಿಕೊಂಡು ಅಲುಗುವುದಿಲ್ಲ. ಇದು ನಮ್ಮ ಕಸುಬಿನ ಅ ಆ. ಮೈದುನನಿಗೆ ಇದು ಗೊತ್ತಿಲ್ಲದೆ ಇರಲು ಸಾಧ್ಯವೇ ಇಲ್ಲ.

ಅವನನ್ನು ಕರೆದು ತೋರಿಸಿದೆ. ಅವನು ಚೌಕಟ್ಟನ್ನು ನೋಡಿದ. ನೋಡಿದ ತಕ್ಷಣ ಅವನಿಗೆ ಆಶ್ಚರ್ಯವಾಗಲಿಲ್ಲ. ಆಗ ನನಗೆ ಗೊತ್ತಾಯಿತು, ಅವನು ಮೊದಲೇ ನೋಡಿದ್ದಾನೆ ಎಂದು.

"ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು ಬಿಡಿ ಅತ್ತಿಗೆ. ಗಿರಾಕಿಗೆ ಏನಂತ ಹೇಳೋದು? ನಮ್ಮ ಅಂಗಡಿ ಕ್ಯಾಮೆರಾ ಸರಿ ಇಲ್ಲ ಅಂತಲಾ? ನಾಳೆ ಮದುವೆ ಆರ್ಡರು ಯಾರು ಕೊಡ್ತಾರೆ? ವಯಸ್ಸಾದೋರ ಕೈ ನಡುಗಿತು ಅಂದ್ರೆ ಯಾರಿಗೂ ಬೇಜಾರಾಗಲ್ಲ. ನಿಮಗೂ ಅದರಿಂದ ಏನು ನಷ್ಟ?"

ಕಂಪ್ಯೂಟರ್ ಆರಿಸಿ ಮನೆಗೆ ಹೋಗಿ ಅಕ್ಕಿ ಆರಿಸುತ್ತಾ ಕೂತೆ, ಅಕ್ಕಿಯಲ್ಲಿ ಒಂದು ಕಲ್ಲೂ ಇರಲಿಲ್ಲ. ಫೋಟೋ ಚೆನ್ನಾಗಿ ಬಂದಾಗ ಅವನು ಕ್ಯಾಮೆರಾದಲ್ಲಿ ಏನೂ ಇಲ್ಲ, ಕಣ್ಣಲ್ಲಿದೆ ಎಂದ. ಕೆಟ್ಟಾಗಲೂ ಕ್ಯಾಮೆರಾದಲ್ಲಿ ಏನೂ ಇಲ್ಲ, ಕೈಯಲ್ಲಿದೆ ಎಂದ. ಎರಡು ಸಲವೂ ಕ್ಯಾಮೆರಾಗೆ ಏನೂ ತಗುಲಲಿಲ್ಲ. ಇಷ್ಟು ವರ್ಷ ನಾನು ಹೊಗಳಿಕೆ ಎಂದುಕೊಂಡದ್ದು ಒಳ್ಳೆಯ ಕ್ಯಾಮೆರಾ ಕೊಡದೆ ಇರುವುದಕ್ಕೆ ಒಂದು ನೆಪವಾಗಿತ್ತು. ಅದನ್ನು ನಂಬಿ ನಾನು ಹಿಗ್ಗಿದ್ದೆ ಬೇರೆ.

ಮುಂದಿನ ಕರೆ ಚಾಮರಾಜಪೇಟೆಯೊಳಗಿಂದಲೇ ಬಂತು. ಅವೆನ್ಯೂ ರಸ್ತೆಯಲ್ಲಿ ಪುಸ್ತಕದ ವ್ಯಾಪಾರ ಮಾಡುತ್ತಿದ್ದ ಹಿರಿಯರು ಹೋಗಿದ್ದರು. ನನ್ನ ಕೈಯ ಸುದ್ದಿ ಆ ಮನೆಗೆ ಇನ್ನೂ ತಲುಪಿರಲಿಲ್ಲ. ಅವರು ಅಂಗಡಿಗೆ ಫೋನ್ ಮಾಡಿ ನನ್ನನ್ನೇ ಕೇಳಿದರು. ಮೈದುನ ಅಲ್ಲೇ ಇದ್ದ. ನಾನು ಫೋನ್ ಇಟ್ಟು ಬೀರು ತೆರೆದು ಮದುವೆ ಕ್ಯಾಮೆರಾದ ಬ್ಯಾಗ್ ತೆಗೆದು ಹೆಗಲಿಗೆ ಹಾಕಿಕೊಂಡೆ.

"ಅತ್ತಿಗೆ, ಅದು ನಿಮಗೆ ಅಭ್ಯಾಸ ಇಲ್ಲ. ಬೆಲೆ ಎಷ್ಟು ಗೊತ್ತಾ ಅದರದ್ದು?"

"ಗೊತ್ತು. ಅದಕ್ಕೇ ತಗೊಂಡಿದೀನಿ."

"ಸಂಜೆ ನಂದು ಆರತಕ್ಷತೆ ಇದೆ!"

"ಸಂಜೆಗೆ ಕೊಡ್ತೀನಿ."

ಅವನು ಬ್ಯಾಗಿನ ಪಟ್ಟಿ ಹಿಡಿಯುತ್ತಾನೆ ಎಂದುಕೊಂಡೆ. ಹಿಡಿಯಲಿಲ್ಲ.

ಆ ಮನೆಯೂ ಕತ್ತಲೆಯೇ. ಹಿರಿಯರ ಅಂಗೈ ಹಿಡಿದು ಕೂತವರು ಅವರ ಹೆಂಡತಿ, ತುಂಬಾ ವಯಸ್ಸಾದವರು. ಅವರ ಕೈ ನಿಜವಾಗಿಯೂ ನಡುಗುತ್ತಿತ್ತು, ಅಳು ಬೇರೆ, ಮುಪ್ಪು ಬೇರೆ. ನಾನು ಆಸೆಯಿಂದ ಲೆನ್ಸಿನ ಬಾಯಿ ಪೂರ್ತಿ ತೆರೆದು ತೆಗೆದೆ. ಸಣ್ಣ ಸ್ಕ್ರೀನಿನಲ್ಲಿ ನೋಡಿದೆ. ಬೆಳಕು ಬೇಕಾದಷ್ಟು ಬಂದಿದೆ, ಯಾರೂ ಅಲುಗಾಡಿಲ್ಲ, ಆದರೆ ಲಿಂಗ ಸ್ಪಷ್ಟ, ಹಿರಿಯರ ಮುಖ ಮಂಜು. ಮುಖಕ್ಕೆ ಫೋಕಸ್ ಮಾಡಿದರೆ ಅಂಗೈ ಮಂಜು. ದೊಡ್ಡ ಬಾಯಿಯ ಲೆನ್ಸನ್ನು ಪೂರ್ತಿ ತೆರೆದರೆ ಸ್ಪಷ್ಟವಾಗಿ ಕಾಣುವ ಜಾಗ ರೊಟ್ಟಿಯಷ್ಟು ತೆಳುವಾಗುತ್ತದೆ ಎಂದು ಓದಿದ್ದೆ, ಕೈಯಾರೆ ಮಾಡಿರಲಿಲ್ಲ. ಮಾಡಲು ಯಾರು ಕೊಟ್ಟಿದ್ದರು?

ಸ್ವಾಮಿಗಳ ಮಂತ್ರ ಅರ್ಧ ದಾಟಿತ್ತು. ಎದುರಿನಿಂದ ಎದ್ದು, ಹೆಂಗಸರ ನಡುವೆ ಮಂಡಿಯೂರಿ ಸರಿದು ಪಕ್ಕಕ್ಕೆ ಹೋದೆ. ಅಲ್ಲಿಂದ ಮುಖವೂ ಅಂಗೈಯೂ ನನಗೆ ಹೆಚ್ಚುಕಡಿಮೆ ಒಂದೇ ದೂರ. ಲೆನ್ಸಿನ ಬಾಯಿಯನ್ನು ಸ್ವಲ್ಪ ಮುಚ್ಚಿದೆ. ಆ ಕ್ಯಾಮೆರಾದಲ್ಲಿ ಐಎಸ್ಒ ಏರಿಸಿದರೂ ವಿಭೂತಿ ವಿಭೂತಿಯಾಗಿಯೇ ಇತ್ತು, ಹಾಗಾಗಿ ಶಟರ್ ಚುರುಕಾಗಿಯೇ ಉಳಿಯಿತು. ಒತ್ತಿದೆ. ನಡುಗುತ್ತಿದ್ದ ಆ ಮುದಿ ಕೈ ಫೋಟೋದಲ್ಲಿ ನಿಂತಿತು. ಬೆರಳ ಗಂಟುಗಳು, ಸವೆದ ಬಳೆ, ಅದರ ಮೇಲೆ ಗಂಡನ ಅಂಗೈ, ಅದರ ಮೇಲೆ ಲಿಂಗ. ಮೇಲೆ ಇಬ್ಬರ ಮುಖ.

ದುಬಾರಿ ಕ್ಯಾಮೆರಾ ಹಿಡಿದರೆ ಒಳ್ಳೆಯ ಫೋಟೋ ಬಂದುಬಿಡುತ್ತದೆಯೇ ಎಂದು ಕೇಳಿದರೆ, ಇಲ್ಲ. ನಾನು ಅದರಲ್ಲಿ ಮೊದಲು ತೆಗೆದವು ಅಷ್ಟೂ ಕೆಟ್ಟವು. ಮೈದುನ ಅದನ್ನೇ ಹಿಡಿದು ಎಷ್ಟೋ ಮದುವೆಗಳಲ್ಲಿ ಹೆಣ್ಣಿನ ಮೂಗುತಿ ಸ್ಪಷ್ಟವಾಗಿ, ಕಣ್ಣು ಮಸುಕಾಗಿ ತಂದಿದ್ದಾನೆ. ಕ್ಯಾಮೆರಾ ಯಾರಿಗೂ ಏನನ್ನೂ ಕಲಿಸುವುದಿಲ್ಲ. ಆದರೆ ಕತ್ತಲ ನಡುಮನೆಯಲ್ಲಿ ಬಿಕ್ಕುವವಳನ್ನು ಹಿಡಿದು ನಿಲ್ಲಿಸುವುದು ಕಣ್ಣಿನಿಂದ ಆಗುವ ಕೆಲಸ ಅಲ್ಲ. ನನ್ನ ಕಣ್ಣು ಸುಲ್ತಾನ್‌ಪೇಟೆಯಲ್ಲೂ ಇದೇ ಕಣ್ಣಾಗಿತ್ತು.

ಮೈದುನ ಫೋಟೋ ನೋಡಿ "ಚೆನ್ನಾಗಿದೆ" ಎಂದ, ಅಷ್ಟೆ. ನನ್ನ ಕೈ ನಡುಗುತ್ತದೆ ಎಂಬ ಮಾತನ್ನು ಎಲ್ಲೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಮುಂದಿನ ಕರೆಗಳಿಗೆ ಓಕಳಿಪುರಂನ ಒಬ್ಬ ಹುಡುಗನನ್ನು ಕಳಿಸತೊಡಗಿದ.

ಮೈದುನ ಬಸವನಗುಡಿಯ ಒಂದು ಸಣ್ಣ ಸಭಾಂಗಣದಲ್ಲಿ ಭಾನುವಾರ ಫೋಟೋಗ್ರಫಿ ಪಾಠ ಮಾಡುತ್ತಿದ್ದ. ಒಂದು ದಿನ ನನ್ನನ್ನೂ ಕರೆದ. "ಸುಮ್ನೆ ಬಂದು ಮುಂದೆ ಕೂತ್ಕೊಳ್ಳಿ ಅತ್ತಿಗೆ. ನೀವೇನೂ ಮಾತಾಡೋ ಹಾಗಿಲ್ಲ" ಎಂದ. ನಮ್ಮ ಅಂಗಡಿಯ ಬಗ್ಗೆ ಏನು ಹೇಳುತ್ತಾನೋ ಕೇಳಿಬರೋಣ ಎಂದು ಹೋದೆ. ಕುರ್ಚಿಗಳ ತುಂಬ ಹುಡುಗ ಹುಡುಗಿಯರು, ಎಲ್ಲರ ಮಡಿಲಲ್ಲೂ ಕ್ಯಾಮೆರಾ. ಮೈದುನ ಏನೇನೋ ತೋರಿಸುತ್ತಾ ಹೋಗಿ ಕೊನೆಗೆ ಒಂದು ಫೋಟೋ ಹಾಕಿದ. ಚಾಮರಾಜಪೇಟೆಯ ಆ ಹಿರಿಯರದ್ದು. ಮುಖಗಳನ್ನು ಕತ್ತರಿಸಿ ಕೈಗಳನ್ನಷ್ಟೇ ಉಳಿಸಿದ್ದ.

"ಇದನ್ನ ತೆಗೆದಿದ್ದು ಇಲ್ಲಿ ಕೂತಿರೋ ನಮ್ಮ ಅತ್ತಿಗೆ" ಎಂದ. "ಹಳ್ಳಿ ಶಾಲೇಲಿ ಓದಿದೋರು. ನಮ್ಮ ಅಂಗಡೀಲಿ ಇರೋದ್ರಲ್ಲೇ ಹಳೇ ಕ್ಯಾಮೆರಾ ಇವರದ್ದು. ನೀವೆಲ್ಲ ಆ ಲೆನ್ಸು ಈ ಲೆನ್ಸು ಅಂತ ಸಾಯ್ತೀರಲ್ಲ, ನೋಡಿ ಇಲ್ಲಿ. ಕ್ಯಾಮೆರಾದಲ್ಲಿ ಏನೂ ಇಲ್ಲ."

ಚಪ್ಪಾಳೆ ಹೊಡೆದರು. ಕೆಲವರು ಎದ್ದು ನಿಂತು ಹೊಡೆದರು. ಆ ಹಳೆಯ ಕ್ಯಾಮೆರಾ ಅದನ್ನು ತೆಗೆದಿರಲಿಲ್ಲ. ಅವನಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು. ನಾನು ಬಾಯಿ ತೆರೆಯುವವಳಲ್ಲ ಎಂಬುದೂ ಅವನಿಗೆ ಗೊತ್ತಿತ್ತು. ಆ ಧೈರ್ಯದ ಮೇಲೆಯೇ ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿದ್ದ.

ಎದ್ದು ನಿಂತೆ. ಚಪ್ಪಾಳೆ ಇನ್ನೂ ಜೋರಾಯಿತು, ವಂದಿಸಲು ಎದ್ದಿದ್ದೇನೆ ಎಂದುಕೊಂಡರು.

"ಅದು ಹಳೇ ಕ್ಯಾಮೆರಾ ಅಲ್ಲ" ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಮತ್ತೆ ಹೇಳಿದೆ. "ಹಳೇದರಲ್ಲಿ ಅದು ಬರ್ತಾನೇ ಇರ್ಲಿಲ್ಲ. ಅಂಗಡೀಲಿರೋ ದುಬಾರಿದನ್ನ ಕಿತ್ಕೊಂಡು ಹೋಗಿ ತೆಗೆದಿದ್ದು."

ಮೈದುನ ಮೈಕಿನಲ್ಲಿ ನಕ್ಕ. "ಅತ್ತಿಗೆಗೆ ಸಂಕೋಚ ಜಾಸ್ತಿ."

"ಸಂಕೋಚ ಇರೋದಕ್ಕೇ ಇಷ್ಟು ದಿನ ಸುಮ್ನಿದ್ದೆ ಕಣಪ್ಪ."

ಯಾರೂ ನಗಲಿಲ್ಲ. ಹಿಂದಿನಿಂದ ಒಬ್ಬ ಹುಡುಗಿ ಕೈ ಎತ್ತಿದಳು. "ಹಾಗಾದ್ರೆ ಮೇಡಂ, ದುಡ್ಡಿರೋರು ಮಾತ್ರಾನೇ ಒಳ್ಳೆ ಫೋಟೋಗ್ರಾಫರ್ ಆಗೋದಾ?"

"ನನಗೆ ಅಷ್ಟೆಲ್ಲ ಗೊತ್ತಿಲ್ಲಮ್ಮ. ಕ್ಯಾಮೆರಾದಲ್ಲಿ ಏನೂ ಇಲ್ಲ ಅಂತ ಯಾರಾದ್ರೂ ನಿಂಗೆ ಹೇಳಿದ್ರೆ, ಹಾಗಾದ್ರೆ ನಿಮ್ಮದನ್ನ ಕೊಡಿ, ನಂದನ್ನ ಇಟ್ಕೊಳ್ಳಿ ಅನ್ನು. ಏನಂತಾರೆ ನೋಡು."

ಇಷ್ಟು ಹೇಳಿ ಕೂತೆ. ಮೈ ಬೆವೆತು ರವಿಕೆ ಬೆನ್ನಿಗೆ ಅಂಟಿತ್ತು.

ವಾಪಸ್ ಬರುವಾಗ ಆಟೋದಲ್ಲಿ ಮೈದುನ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಹೊರಗೆ ನೋಡುತ್ತಾ ಕೂತಿದ್ದ. ಸ್ವಲ್ಪ ದೂರ ಬಂದ ಮೇಲೆ, "ಎಲ್ಲರ ಮುಂದೆ ಹೇಳಬೇಕಿತ್ತಾ ಅತ್ತಿಗೆ?" ಎಂದ.

"ನೀನೂ ಎಲ್ಲರ ಮುಂದೆ ತಾನೇ ಹೇಳಿದ್ದು? ನನ್ನ ಕೈ ನಡುಗುತ್ತೆ ಅಂತ ಪೇಟೆ ತುಂಬಾ ಡಂಗುರ ಸಾರಿಸಿದ್ದೀಯ. ಸುಲ್ತಾನ್‌ಪೇಟೆಗೆ ಫೋನ್ ಮಾಡು."

"ಈಗಲಾ?"

"ಈಗಲೇ. ನನ್ನ ಮುಂದೆ ಮಾಡು."

"ಏನಂತ ಹೇಳ್ಲಿ?"

"ನಡೆದದ್ದನ್ನ ಹೇಳು."

ಅವನು ನನ್ನ ಮುಖ ನೋಡಿದ. ನಾನು ಅವನನ್ನು ಸಣ್ಣ ಹುಡುಗನಾಗಿದ್ದಾಗಿನಿಂದ ನೋಡಿದವಳು. ಅವತ್ತು ನನ್ನ ಮುಖದಲ್ಲಿ ಇದ್ದದ್ದನ್ನು ಅವನು ಯಾವತ್ತೂ ನೋಡಿರಲಿಲ್ಲ ಎಂದು ಕಾಣುತ್ತದೆ. ಫೋನ್ ತೆಗೆದ. ಸ್ಪೀಕರ್ ಹಾಕಿಸಿದೆ. ಅಣ್ಣ ಎತ್ತಿದರು. ಮೈದುನ ತಡವರಿಸುತ್ತಾ, ಅವತ್ತು ಅತ್ತಿಗೆ ಕೈ ನಡುಗಿರಲಿಲ್ಲ, ನಾನು ಹಾಗೆ ಹೇಳಿದ್ದು ಸರಿಯಲ್ಲ, ಕ್ಯಾಮೆರಾ ಆ ಕತ್ತಲೆಗೆ ಸಾಲಲಿಲ್ಲ ಎಂದ. ಆಟೋದವನು ಹಿಂದಕ್ಕೆ ಕಿವಿ ಕೊಟ್ಟು ಗಾಡಿ ನಿಧಾನ ಮಾಡಿದ.

"ಸಾಲೋ ಕ್ಯಾಮೆರಾ ನಿಮ್ಮ ಹತ್ರ ಇರ್ಲಿಲ್ವಾ?" ಎಂದರು ಅಣ್ಣ.

ಮೈದುನ ತೊಡೆಯ ಮೇಲಿನ ಬ್ಯಾಗಿನ ಪಟ್ಟಿ ಸರಿಮಾಡತೊಡಗಿದ. ಅಷ್ಟರಲ್ಲಿ ಆ ಕಡೆ ಫೋನ್ ಕೈ ಬದಲಾಯಿಸಿತು.

"ಆ ಅಮ್ಮ ಇದಾರಾ?" ಮಗಳ ದನಿ.

"ಇದೀನಿ ಕಣಮ್ಮ" ಎಂದು ನಾನು ಫೋನ್ ತೆಗೆದುಕೊಂಡೆ.

"ಒಂದು ಕೇಳ್ತೀನಿ, ನಿಜ ಹೇಳಿ. ಒಳ್ಳೆ ಕ್ಯಾಮೆರಾ ಇದ್ದಿದ್ರೆ ನಾನು ಬರ್ತಿದ್ನಾ?"

ಮೈದುನ ಬೇಡ ಬೇಡ ಎಂದು ಕೈ ಆಡಿಸಿದ. ಅವನು ಬೇಡವೆಂದದ್ದು ಅವಳ ಒಳ್ಳೆಯದಕ್ಕೂ ಇರಬಹುದು. ಇಷ್ಟು ದಿನ ಅವಳಿಗೆ ಅದು ಒಬ್ಬ ಮುದುಕಿಯ ಕೈತಪ್ಪಾಗಿತ್ತು, ತಪ್ಪಿಸಲು ಆಗುತ್ತಿರಲಿಲ್ಲ ಎಂದು ಸುಮ್ಮನಾಗಬಹುದಿತ್ತು.

"ಬರ್ತಿದ್ದೆ" ಎಂದೆ. "ನಿನ್ನ ಮುಖಾನೂ ಬರ್ತಿತ್ತು, ನಿಮ್ಮಮ್ಮನ ಕೈನೂ ಬರ್ತಿತ್ತು."

ಆ ಕಡೆ ಅಂಗಡಿಯ ಗದ್ದಲ, ಯಾರೋ ಲಗ್ನಪತ್ರಿಕೆಯ ಬಣ್ಣ ಆರಿಸುತ್ತಿದ್ದರು.

"ಅವತ್ತು ಆ ಕ್ಯಾಮೆರಾ ಎಲ್ಲಿತ್ತಮ್ಮ?" ಎಂದಳು.

ನಾನು ಫೋನನ್ನು ಮೈದುನನ ಕೈಗೆ ಕೊಟ್ಟೆ.

"ಕೇಳ್ತಿದಾಳೆ" ಎಂದೆ. "ನೀನೇ ಹೇಳು."